ರೂಢಿಯ ಇನ್ನೊಂದು ತುದಿ ಯಾರ ಕೈಯಲ್ಲಿದೆ?

ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಯ ಊರು. ಉತ್ತರ ಕರ್ನಾಟಕದ ದೊಡ್ಡ ವಿಜಯಪುರದ ಹೆಸರಿನ ಮರೆಯಲ್ಲಿ ಈ ಪಟ್ಟಣ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಇಲ್ಲಿನ ಗೂಡಿನ ಮಾರುಕಟ್ಟೆ, ಪಕ್ಕದ ಶಿಡ್ಲಘಟ್ಟ, ಚಿಂತಾಮಣಿ ಸೇರಿದ ಪಟ್ಟಿಯಲ್ಲಿ ಬಹುಕಾಲದಿಂದ ಹಳದಿ ಗೂಡಿನದೇ ಮೇಲುಗೈ. ಹಳದಿ ಎಂದರೆ ಮಿಶ್ರತಳಿ. ನಮ್ಮ ಹಳೆಯ ಮೈಸೂರು ತಳಿಗೆ ದ್ವಿತಳಿಯನ್ನು ಕೂಡಿಸಿ ಪಡೆದದ್ದು. ರೈತರು ಬೈವೋಲ್ಟೀನ್ ಎಂದೇ ಕರೆಯುವ ಅಪ್ಪಟ ದ್ವಿತಳಿಯದು ಬಿಳಿ ಗೂಡು. ಅದರ ಎಳೆ ಉದ್ದ, ಒಂದು ಗೂಡಿನಿಂದ ಸಾವಿರ ಮೀಟರಿನ ಆಸುಪಾಸು ಬಿಚ್ಚಿಕೊಳ್ಳುತ್ತದೆ. ಒಂದು ಕಿಲೊ ನೂಲಿಗೆ ಹಳದಿ ಗೂಡು ಏಳೆಂಟು ಕಿಲೊ ಬೇಕಾದರೆ ಬಿಳಿ ಗೂಡು ಆರು ಕಿಲೊದ ಆಜುಬಾಜಿನಲ್ಲಿ ಮುಗಿಯುತ್ತದೆ. ಇಷ್ಟು ಸರಳವಾದ ಲೆಕ್ಕವನ್ನು ರೈತರಿಗೆ ಒಪ್ಪಿಸಲು 1980ರಲ್ಲಿ ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರೇಷ್ಮೆ ಯೋಜನೆ ಬಂತು, 1989ರಲ್ಲಿ ರಾಷ್ಟ್ರೀಯ ರೇಷ್ಮೆ ಯೋಜನೆ ಬಂತು, 1991ರಿಂದ ಜಪಾನಿನ ಜೈಕಾ ಸಂಸ್ಥೆ ಒಂದೂವರೆ ದಶಕ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ದುಡಿಯಿತು. ಇಷ್ಟಾದ ಮೇಲೂ ದೇಶದ ಹಿಪ್ಪುನೇರಳೆ ರೇಷ್ಮೆಯಲ್ಲಿ ದ್ವಿತಳಿಯ ಪಾಲು ಈಗ ಮೂರನೇ ಒಂದು ಭಾಗದ ಸುತ್ತಮುತ್ತ ಇದೆ. ಅಧಿಕಾರಿಗಳ ಸಭೆಯಲ್ಲಿ, ತರಬೇತಿ ಶಿಬಿರಗಳ ಊಟದ ಹೊತ್ತಿನಲ್ಲಿ ಇದಕ್ಕೆ ಸಿಗುವ ವಿವರಣೆ ಒಂದೇ: ನಮ್ಮ ರೈತರು ಹಳೇ ಚಾಳಿ ಬಿಡುವವರಲ್ಲ.

ಈ ವಿವರಣೆ ತಪ್ಪು. ರೈತರನ್ನು ವಹಿಸಿಕೊಳ್ಳಬೇಕೆಂಬ ಹಟದಿಂದ ಹೇಳುತ್ತಿರುವುದಲ್ಲ. ಅವರೇ ಬಿಟ್ಟುಕೊಟ್ಟ ಹಳೆಯ ರೂಢಿಗಳ ಪಟ್ಟಿ ಅಷ್ಟು ಉದ್ದವಿದೆ. ಒಂದು ತಲೆಮಾರಿನ ಹಿಂದೆ ಇಲ್ಲಿನ ಹೆಂಗಸರು ಹಿಪ್ಪುನೇರಳೆ ಸೊಪ್ಪನ್ನು ಒಂದೊಂದೇ ಕಿತ್ತು, ಹೆಚ್ಚಿ, ಬಿದಿರ ತಟ್ಟೆಗಳಿಗೆ ಹಾಕಿ, ದಿನವೂ ಹಿಕ್ಕೆ ತೆಗೆದು ಹುಳು ಸಾಕುತ್ತಿದ್ದರು. ಈಗ ಸೊಪ್ಪನ್ನು ಕೊಂಬೆ ಸಮೇತ ಕೊಯ್ದು ಅಟ್ಟಣಿಗೆಯ ಮೇಲೆ ಹಾಸುತ್ತಾರೆ. ಮೊಟ್ಟೆ ತಂದು ಮನೆಯಲ್ಲೇ ಮರಿ ಮಾಡಿಸುತ್ತಿದ್ದವರು ಈಗ ಎರಡನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿಸಿ ಎದ್ದ ಹುಳುವನ್ನು ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ದುಡ್ಡು ಕೊಟ್ಟು ತರುತ್ತಾರೆ. ಅಜ್ಜಂದಿರ ಕಾಲದ ಹಿಪ್ಪುನೇರಳೆ ಗಿಡ ಕಿತ್ತು 1990ರ ದಶಕದ ಕೊನೆಯಲ್ಲಿ ಬಂದ ವಿ-1 ತಳಿಯನ್ನು ನೆಟ್ಟರು. ಹುಳು ಗೂಡು ಕಟ್ಟುವ ಬಿದಿರ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂತು. ಮಲಗುವ ಮನೆಯೊಳಗೇ ಇದ್ದ ಹುಳು ಹೊರಗಿನ ಹುಳು ಮನೆಗೆ ಹೋಯಿತು. ರೇಷ್ಮೆಯಿಂದಾಚೆ ನೋಡಿದರೆ 1980ರ ದಶಕದಲ್ಲಿ ಹೊಸಕೋಟೆ, ದೇವನಹಳ್ಳಿ, ಕೋಲಾರದ ಕಡೆ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಕೂಲಿ ಬೇಡ, ಕಾವಲು ಬೇಡ, ನೀರು ಹಾಯಿಸುವುದೂ ಬೇಡ. ಅದು ಅಂತರ್ಜಲಕ್ಕೆ ಮಾರಕ ಎಂಬ ಕೂಗೆದ್ದು ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನೇ ನಿಷೇಧಿಸಬೇಕಾಯಿತು. ಬದಲಾವಣೆಗೆ ಒಗ್ಗದ ಜನ ಎಂದು ಯಾರನ್ನು ಬೈಯುತ್ತೇವೋ ಅವರ ಒಂದು ಬದಲಾವಣೆಯನ್ನು ತಡೆಯಲು ಸರ್ಕಾರಿ ಆದೇಶ ಬೇಕಾಯಿತು ಎಂಬುದನ್ನು ನೆನಪಿಡಬೇಕು.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಅದೇ ಮನೆ, ಅದೇ ಯಜಮಾನ, ಅದೇ ಹುಳು. ಒಂದು ರೂಢಿ ಹತ್ತು ವರ್ಷದಲ್ಲಿ ಹೋಗುತ್ತದೆ, ಇನ್ನೊಂದು ನಲವತ್ತು ವರ್ಷವಾದರೂ ಕದಲುವುದಿಲ್ಲ. ಯಾಕೆ? ಒಂದು ಸುಳಿವು ಊಜಿ ನೊಣದಲ್ಲಿದೆ. 1980ರಲ್ಲಿ ಈ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೇಲೆ ಮೊಟ್ಟೆಯಿಡುತ್ತದೆ, ಅಲ್ಲಿ ಕಪ್ಪು ಚುಕ್ಕೆ ಏಳುತ್ತದೆ, ಮರಿ ಒಳಗೆ ಕೊರೆದು ಗೂಡು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟಿ ಎಂದಾಗ ಯಾರಿಗೂ ಎರಡು ಸಲ ಹೇಳಬೇಕಾಗಲಿಲ್ಲ. ಆದರೆ ಬೆಳೆ ಮುಗಿದ ಕೂಡಲೇ ಹುಳು ಮನೆ ತೊಳೆದು ಸೋಂಕು ಕಳೆಯಿರಿ, ಜ್ವರಕ್ಕೆ ಕೂತ ಹುಳುವಿಗೆ ಸುಣ್ಣ ಉದುರಿಸಿ, ಸತ್ತ ಹುಳುವನ್ನು ತಿಪ್ಪೆಗೆ ಎಸೆಯದೆ ಹೂಳಿ ಎಂಬ ಮಾತನ್ನು ಇಲಾಖೆ ಅದಕ್ಕಿಂತ ಹೆಚ್ಚು ವರ್ಷಗಳಿಂದ ಹೇಳುತ್ತಿದೆ, ಇಂದಿಗೂ ಹೇಳಬೇಕಾಗಿದೆ. ಹಾಲುತೊಂಡೆ, ಸಪ್ಪೆರೋಗ, ಗಂಟುರೋಗ ಊಜಿಗಿಂತ ಕಡಿಮೆ ನಷ್ಟ ತರುವುದಿಲ್ಲ. ಆದರೆ ಅವುಗಳ ಬೀಜ ಕಣ್ಣಿಗೆ ಕಾಣದು. ಶ್ರದ್ಧೆಯಿಂದ ತೊಳೆದವನಿಗೆ ಸಿಗುವ ಪ್ರತಿಫಲ ರೋಗ ಬಾರದಿರುವುದು. ತೊಳೆಯದ ನೆರೆಯವನಿಗೂ ಈ ಸಲ ರೋಗ ಬಂದಿಲ್ಲ. ಏನೂ ಆಗದಿರುವುದನ್ನೇ ಲಾಭವೆಂದು ಎಣಿಸಬೇಕಾದ ರೂಢಿಗಳು ಎಲ್ಲೆಡೆಯೂ ಹೀಗೇ ಸೊರಗುತ್ತವೆ. 2016ರಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದ ಮೇಲೆ ರಸ್ತೆಬದಿಯಲ್ಲಿ ಅರ್ಧ ತಲೆ ಮುಚ್ಚುವ ಟೋಪಿಗಳ ವ್ಯಾಪಾರ ಕುದುರಿದ್ದು ಅದಕ್ಕೇ. ಅದು ತಲೆಗೆ ಹಾಕಿದ್ದಲ್ಲ, ಕಣ್ಣಿಗೆ ಕಾಣುವ ಪೊಲೀಸಿಗೆ ಹಾಕಿದ್ದು. ಅಂದಹಾಗೆ, ಹೊರಗಿನವರನ್ನು ಹುಳು ಮನೆಗೆ ಬಿಡಬಾರದು, ದೃಷ್ಟಿಯಾಗುತ್ತದೆ ಎಂಬ ಹಳೆಯ ನಂಬಿಕೆ ಸೋಂಕಿನ ಯಾವ ಪಾಠವೂ ಇಲ್ಲದೆ ತಲೆಮಾರುಗಳ ಕಾಲ ಉಳಿದುಕೊಂಡಿತ್ತು. ಇಲಾಖೆಯ ಕರಪತ್ರ ಮಾಡಲಾಗದ ಕೆಲಸವನ್ನು ದೃಷ್ಟಿಯ ಭಯ ಒಂದಿಷ್ಟಾದರೂ ಮಾಡುತ್ತಿತ್ತು ಎನ್ನಬೇಕು. ಕಾಣದ ಅಪಾಯಕ್ಕೆ ಅದು ಒಂದು ಮುಖ ಕೊಟ್ಟಿತ್ತು.

ಅಭ್ಯಾಸವೆಂದರೆ ಮನಸ್ಸಿನ ದೌರ್ಬಲ್ಯ, ಸಂಕಲ್ಪ ಗಟ್ಟಿಯಿದ್ದರೆ ಮುರಿಯಬಹುದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಪುರವಣಿಗಳಲ್ಲಿ ಆಗಾಗ ಕಾಣುವ ‘21 ದಿನದಲ್ಲಿ ಹೊಸ ಅಭ್ಯಾಸ’ದ ಸೂತ್ರ ಅದೇ ನಂಬಿಕೆಯದು. ಅದರ ಬೇರು ಹುಡುಕಿದರೆ ಸಿಗುವುದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಮೂರು ವಾರವಾದರೂ ಬೇಕು ಎಂದು ಆತ ಗಮನಿಸಿದ್ದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ನಿಜವಾಗಿಯೂ ಗಮನಿಸಿ ನೋಡಿದಾಗ ಸಿಕ್ಕ ನಡುವಣ ಸಂಖ್ಯೆ 66 ದಿನ. ಕೆಲವರಿಗೆ 18 ಸಾಕಾಗುವ, ಕೆಲವರಿಗೆ 254 ಬೇಕಾಗುವ ಅಂದಾಜು. ಇದಕ್ಕಿಂತ ನನಗೆ ಮುಖ್ಯವೆನಿಸುವುದು ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಅವರ ತಂಡ ಸಿನಿಮಾ ಮಂದಿರದಲ್ಲಿ ಮಾಡಿದ ಪ್ರಯೋಗ. ಪ್ರೇಕ್ಷಕರಿಗೆ ಪಾಪ್‌ಕಾರ್ನ್ ಕೊಟ್ಟರು. ಕೆಲವರದು ತಾಜಾ, ಕೆಲವರದು ವಾರದ ಹಿಂದಿನ ಮೆತ್ತಗಾದದ್ದು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿನ್ನುವ ಗಟ್ಟಿ ರೂಢಿಯಿದ್ದವರು ರುಚಿಯಿಲ್ಲ ಎನ್ನುತ್ತಲೇ ಹಳಸಿದ್ದನ್ನೂ ತಾಜಾದಷ್ಟೇ ತಿಂದರು. ಅವೇ ಪೊಟ್ಟಣಗಳನ್ನು ಸಭಾಕೊಠಡಿಯಲ್ಲಿ ಕೊಟ್ಟಾಗ ಹಳಸಿದ್ದನ್ನು ಬದಿಗಿಟ್ಟರು. ನಾಲಿಗೆಗೆ ಬೇಡವೆಂದು ಗೊತ್ತಿತ್ತು, ಆದರೂ ಕತ್ತಲೆ ಮಂದಿರ, ತೆರೆ, ಪಕ್ಕದವನ ಕೈ ಇವೆಲ್ಲ ಸೇರಿ ಕೈಯನ್ನು ಪೊಟ್ಟಣದೊಳಗೆ ಇಳಿಸಿದವು. ಅಂದರೆ ತಿಳಿವಳಿಕೆ ಅಭ್ಯಾಸವನ್ನು ಸೋಲಿಸುವುದು ಸುತ್ತಲಿನ ಏರ್ಪಾಡು ಬದಲಾದಾಗ ಮಾತ್ರ.

ಈಗ ವಿಜಯಪುರಕ್ಕೆ ಮರಳಿದರೆ, ಇಲ್ಲಿನ ರೈತನ ಸುತ್ತಲಿನ ಏರ್ಪಾಡು ಯಾವುದು? ಅವನ ಗೂಡು ಕೊಳ್ಳುವವನು ರೀಲರ್. ಸಣ್ಣ ರೀಲರನ ಬದುಕು ದಿನಗೂಲಿಯವನಿಗಿಂತ ಹೆಚ್ಚು ನೆಮ್ಮದಿಯದಲ್ಲ. ಬೆಳಗಿನ ಹರಾಜಿನಲ್ಲಿ ಗೂಡು ಕೊಳ್ಳಬೇಕು, ಬೇಯಿಸಿ ನೂಲು ತೆಗೆಯಬೇಕು, ನೂಲು ಮಾರಿ ಬಂದ ದುಡ್ಡಲ್ಲಿ ಮತ್ತೆ ಗೂಡು ಕೊಳ್ಳಬೇಕು. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬರುವ ಮೊದಲು ಬೇಯಿಸಬೇಕು ಅಥವಾ ಒಣಗಿಸಿ ಇಡಬೇಕು. ಒಣಗಿಸಿ ಇಡಲು ಜಾಗ ಬೇಕು, ಅದಕ್ಕಿಂತ ಹೆಚ್ಚಾಗಿ ದುಡ್ಡು ಕೈಯಲ್ಲಿ ಕೂತಿರಬೇಕು. ಅವನ ಚರಕ, ಕಾಟೇಜ್ ಬೇಸಿನ್ ಹಳದಿ ಗೂಡಿಗೆ ಹೊಂದಿಕೊಂಡಂಥವು. ಬಿಳಿ ಗೂಡಿನ ಪೂರ್ತಿ ಗುಣ ಹೊರಬರಬೇಕಾದರೆ ಮಲ್ಟಿ ಎಂಡ್ ಯಂತ್ರವೋ ಆಟೊಮ್ಯಾಟಿಕ್ ರೀಲಿಂಗ್ ಯಂತ್ರವೋ ಬೇಕು. ಆ ಯಂತ್ರಕ್ಕೆ ಒಂದೇ ಗಾತ್ರದ ಬಿಳಿ ಗೂಡು ದಿನವೂ, ವರ್ಷವಿಡೀ ರಾಶಿಯಾಗಿ ಸಿಗಬೇಕು. ಅಷ್ಟು ಗೂಡು ಇಲ್ಲಿ ಬರುವುದಿಲ್ಲ, ಹಾಗಾಗಿ ರೀಲರ್ ಯಂತ್ರ ಹಾಕುವುದಿಲ್ಲ. ರೀಲರ್ ಯಂತ್ರ ಹಾಕಿಲ್ಲದ ಮಾರುಕಟ್ಟೆಯಲ್ಲಿ ಬಿಳಿ ಗೂಡಿಗೆ ಅದರ ಯೋಗ್ಯತೆಯ ಬೆಲೆ ಹುಟ್ಟುವುದಿಲ್ಲ, ಹಾಗಾಗಿ ರೈತ ಬಿಳಿ ಗೂಡು ಬೆಳೆಯುವುದಿಲ್ಲ. ಇದರಾಚೆ ನೇಕಾರನಿದ್ದಾನೆ. ದೊಡ್ಡಬಳ್ಳಾಪುರದಂಥ ಊರುಗಳ ಪವರ್‌ಲೂಮಿನ ಹಾಸಿಗೆ ಬೇಕಾದ ಗಟ್ಟಿ, ಸಮ ಎಳೆಯ ನೂಲು ಬಹುಕಾಲ ಚೀನಾದಿಂದ ಬರುತ್ತಿತ್ತು. ಇಲ್ಲಿನ ಮಿಶ್ರತಳಿ ನೂಲು ಹೊಕ್ಕಿಗೆ ಹೋಗುತ್ತಿತ್ತು. ನೇಕಾರನ ರೂಢಿ ರೀಲರನ ರೂಢಿಯನ್ನು ಹಿಡಿದಿದೆ, ರೀಲರನದು ರೈತನದನ್ನು. ಯಾರೊಬ್ಬರಿಗೂ ಮೊದಲ ಹೆಜ್ಜೆಯಿಂದ ಲಾಭವಿಲ್ಲ. ಶಿಬಿರದಲ್ಲಿ ಮಾತ್ರ ರೈತನೊಬ್ಬನನ್ನು ಕೂರಿಸಿ ದ್ವಿತಳಿಯ ಮಹತ್ವ ಬೋಧಿಸುತ್ತೇವೆ.

ರೂಢಿ ಒಬ್ಬನ ತಲೆಯೊಳಗೆ ಇರುವುದಕ್ಕಿಂತ ಹೆಚ್ಚಾಗಿ ಹಲವರ ನಡುವೆ ಇರುತ್ತದೆ, ಅದರ ಇನ್ನೊಂದು ತುದಿ ಬೇರೆಯವರ ಕೈಯಲ್ಲಿರುತ್ತದೆ ಎಂಬುದು ನನ್ನ ವಾದ. ಇದಕ್ಕೆ ಸಾಕ್ಷಿ ಜಪಾನಿನಲ್ಲಿದೆ. ಕಮೆತಾರೊ ತೋಯಾಮಾ ಎಂಬ ವಿಜ್ಞಾನಿ 1906ರ ಹೊತ್ತಿಗೆ ಮೊದಲ ಪೀಳಿಗೆಯ ಅಡ್ಡತಳಿ ಹುಳು ಹೆಚ್ಚು ಗಟ್ಟಿ, ಹೆಚ್ಚು ಇಳುವರಿಯದು ಎಂದು ತೋರಿಸಿದ. 1914ರಲ್ಲಿ ಅಂಥ ಮೊಟ್ಟೆ ಹಂಚುವುದು ಆರಂಭವಾಯಿತು, 1920ರ ದಶಕ ಮುಗಿಯುವ ಹೊತ್ತಿಗೆ ಜಪಾನಿನ ರೈತರೆಲ್ಲ ಬಹುಮಟ್ಟಿಗೆ ಹೊಸ ತಳಿಗೆ ಬಂದಿದ್ದರು. ಜಪಾನಿನ ರೈತ ನಮ್ಮವನಿಗಿಂತ ಬುದ್ಧಿವಂತನೇನಲ್ಲ. ಅಲ್ಲಿ ಕತಾಕುರಾದಂಥ ನೂಲು ಕಂಪನಿಗಳು ಮೊಟ್ಟೆಯನ್ನು ತಾವೇ ರೈತರಿಗೆ ತಲುಪಿಸಿ ಬೆಳೆದ ಗೂಡನ್ನು ತಾವೇ ಕೊಳ್ಳಲು ನಿಂತವು. ಇನ್ನೊಂದು ತುದಿಯಲ್ಲಿದ್ದವರು ಮೊದಲು ಕದಲಿದರು, ರೈತ ಹಿಂಬಾಲಿಸಿದ. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತಮಿಳುನಾಡಿನ ರೇಷ್ಮೆ ಇಂದು ಬಹುಪಾಲು ದ್ವಿತಳಿಯದೇ. ಅಲ್ಲಿನ ಉಡುಮಲೈ ಕಡೆಯ ಎಷ್ಟೋ ರೈತರು ರೇಷ್ಮೆಗೆ ಹೊಸಬರಾಗಿ ಬಂದವರು. ಅವರಿಗೆ ಬಿಡಬೇಕಾದ ಹಳದಿ ಗೂಡೇ ಇರಲಿಲ್ಲ. ದೊಡ್ಡ ಹುಳು ಮನೆ, ಚಾಕಿ ಕೇಂದ್ರ, ಬಿಳಿ ಗೂಡನ್ನೇ ಕೇಳುವ ಕೊಳ್ಳುಗ, ಇವೆಲ್ಲದರ ಜೊತೆಗೇ ಅವರು ಶುರು ಮಾಡಿದರು.

ಇಲ್ಲಿ ರೇಷ್ಮೆ ಬಲ್ಲವರು ಹವಾಮಾನದ ಮಾತೆತ್ತುತ್ತಾರೆ. ದ್ವಿತಳಿ ಸೂಕ್ಷ್ಮ, ಬೆಳೆದ ಹುಳುವಿಗೆ 24-25 ಡಿಗ್ರಿಯ ತಂಪು ಬೇಕು, ನಮ್ಮ ಬೇಸಿಗೆಗೆ ತಾಳುವುದಿಲ್ಲ ಎನ್ನುತ್ತಾರೆ. ಮಾತಿನಲ್ಲಿ ಸತ್ಯವಿದೆ. ಮಿಶ್ರತಳಿ ಸೆಖೆಯನ್ನೂ ಕಳಪೆ ಸೊಪ್ಪನ್ನೂ ಒಂದಿಷ್ಟು ಅಜಾಗರೂಕತೆಯನ್ನೂ ಸಹಿಸಿಕೊಳ್ಳುತ್ತದೆ, ದ್ವಿತಳಿ ಕ್ಷಮಿಸುವುದಿಲ್ಲ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನಂದಿ ಬೆಟ್ಟದ ಆಸುಪಾಸು ತಮಿಳುನಾಡಿನ ಬಯಲಿಗಿಂತ ಬಿಸಿಯೇನಲ್ಲ. ಅಲ್ಲಿ ಆಗುವುದು ಇಲ್ಲಿ ಆಗದೆಂದರೆ ಕಾರಣವನ್ನು ಆಕಾಶದಲ್ಲಿ ಹುಡುಕುವುದು ಸರಿಯಲ್ಲ. ಹವಾಮಾನದ ಮಾತಿನ ಒಳಗಿರುವ ನಿಜವಾದ ಭಯ ಬೇರೆ: ಬೆಳೆ ಹೋದರೆ ಏನು ಗತಿ? ಬೋರ್‌ವೆಲ್ ಸಾವಿರ ಅಡಿ ದಾಟಿರುವ ಈ ಸೀಮೆಯಲ್ಲಿ ಹಿಪ್ಪುನೇರಳೆ ತೋಟ ಹಸಿರಾಗಿಡುವುದೇ ಸಾಲದ ಬಾಬತ್ತು. ಒಂದು ಬೆಳೆಯ ಗೂಡು ಮನೆಯ ಒಂದು ತಿಂಗಳ ಖರ್ಚು, ಕಂತು, ಸ್ಕೂಲ್ ಫೀಜು. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಅಷ್ಟೂ ಸೇರಿ ಒಂದು ‘ಮೊಟ್ಟೆ’) ಐದತ್ತು ಕಿಲೊ ಹೆಚ್ಚಿಗೆ ಸಿಗಬಹುದು ಎಂಬ ಆಸೆಗಿಂತ ಇದ್ದದ್ದೂ ಹೋಗಬಹುದು ಎಂಬ ಅಂಜಿಕೆ ಅಂಥ ಮನೆಯಲ್ಲಿ ದೊಡ್ಡದಾಗಿ ಕಾಣುವುದು ಸಹಜ.

ಈ ಅಂಜಿಕೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಯೋಜನೆ ಬರೆಯುವವರು ಗಮನಿಸಿದಂತೆ ಕಾಣುವುದಿಲ್ಲ. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಅಯೋವಾದ ಎರಡು ಹಳ್ಳಿಗಾಡುಗಳಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯನ್ನು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. 1928ರಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಶುರು ಮಾಡಿದ್ದು, 1941ರ ಹೊತ್ತಿಗೆ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರನ್ನೂ ತಲುಪಿತ್ತು. ಬೀಜದ ಸುದ್ದಿಯನ್ನು ಹೆಚ್ಚಿನವರಿಗೆ ತಂದದ್ದು ಕಂಪನಿಯ ಮಾರಾಟಗಾರ, ಆದರೆ ಒಪ್ಪಿಸಿದ್ದು ಪಕ್ಕದ ಹೊಲದವನು. ಅದಕ್ಕಿಂತ ಮುಖ್ಯ, ಬಹುತೇಕರು ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ ಮಾತ್ರ ಬಿತ್ತಿ ನೋಡಿದರು. ರೇಷ್ಮೆಯಲ್ಲಿ ಈ ಮೂಲೆಯೇ ಇಲ್ಲ. ಒಂದೇ ಹುಳು ಮನೆಯಲ್ಲಿ ಎರಡು ತಳಿ ಸಾಕಿದರೆ ಜ್ವರದ ಲೆಕ್ಕ ಬೇರೆ, ಹಣ್ಣಾಗುವ ದಿನ ಬೇರೆ, ಒಂದರ ರೋಗ ಇನ್ನೊಂದಕ್ಕೆ. ಹತ್ತಿಪ್ಪತ್ತು ಮೊಟ್ಟೆಯ ಪುಟ್ಟ ಲಾಟಿಗೆ ಮಾರುಕಟ್ಟೆಯಲ್ಲಿ ಕೂಗುವವರೂ ಕಡಿಮೆ. ಹೀಗಾಗಿ ನೋಡೋಣ ಎನ್ನುವವನು ಇಡೀ ಬೆಳೆಯನ್ನೇ ಪಣಕ್ಕಿಡಬೇಕು. ಇದೇ ಜಿಲ್ಲೆಗಳಲ್ಲಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರ ಇಂಡಾಫ್ ರಾಗಿ ಹರಡಿದ್ದನ್ನು ಪಕ್ಕಕ್ಕಿಟ್ಟು ನೋಡಬಹುದು. ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿದ ಆ ತಳಿಗಳನ್ನು ನಮ್ಮ ರೈತರು ಒಪ್ಪಿಕೊಳ್ಳಲು ಹೊಲ, ಹಂಗಾಮು, ಕಣ, ಮುದ್ದೆ ಯಾವುದನ್ನೂ ಬದಲಿಸಬೇಕಿರಲಿಲ್ಲ. ಬೀಜ ಮಾತ್ರ ಬದಲಾಯಿತು, ಅದನ್ನೂ ಒಂದು ಪಟ್ಟೆಯಲ್ಲಿ ಬಿತ್ತಿ ನೋಡಬಹುದಿತ್ತು.

ಇದನ್ನೆಲ್ಲ ಒಪ್ಪಿಯೂ ಒಬ್ಬ ಚುರುಕಾದ ಓದುಗ ತಕರಾರು ತೆಗೆಯಬಹುದು: ನೀವು ಹೇಳುತ್ತಿರುವುದು ಆರ್ಥಿಕ ಲೆಕ್ಕಾಚಾರದ ಮಾತು, ಅಭ್ಯಾಸದ ಮಾತಲ್ಲ, ಲಾಭವಿಲ್ಲದ್ದನ್ನು ಮಾಡದಿರುವುದಕ್ಕೆ ರೂಢಿ ಎನ್ನುತ್ತಾರೆಯೇ? ಗಟ್ಟಿಯಾದ ಆಕ್ಷೇಪ ಇದು. ನನ್ನ ಉತ್ತರವೇನೆಂದರೆ ರೂಢಿಯೂ ಒಂದು ಕಾಲದ ಲೆಕ್ಕಾಚಾರವೇ, ಮತ್ತೆ ಕೂಡಿ ಕಳೆದು ನೋಡುವುದನ್ನು ನಿಲ್ಲಿಸಿದ್ದು. ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕುವವನು ನಾಲ್ಕು ಸಲವೂ ಕೂತು ಯೋಚಿಸಿದರೆ ಹುಳು ಸಾಯುತ್ತದೆ. ಯೋಚಿಸದೆ ಮಾಡುವುದರಿಂದಲೇ ಬದುಕು ಸಾಗುತ್ತದೆ. ವೆಂಡಿ ವುಡ್ ಅವರು ಜನರಿಂದ ದಿನಚರಿ ಬರೆಯಿಸಿ ನೋಡಿದಾಗ ದಿನದ ಕೆಲಸಗಳಲ್ಲಿ ಶೇ 40ಕ್ಕೂ ಹೆಚ್ಚು ಅಂಥವೇ ಎಂದು ಕಂಡುಬಂತು. ತೊಂದರೆ ಏನೆಂದರೆ ಹಳೆಯ ಲೆಕ್ಕ ತಪ್ಪಾದ ಮೇಲೂ ಕೈ ಹಳೆಯ ದಾರಿಯಲ್ಲೇ ನಡೆಯುತ್ತದೆ. ಒಳ್ಳೆಯ ಹುಳು ಮನೆ, ತುಂತುರು ನೀರಿನ ತಂಪು, ಹನಿ ನೀರಾವರಿ ಎಲ್ಲವೂ ಇದ್ದು ದ್ವಿತಳಿ ಎತ್ತಬಲ್ಲ ಮನೆಗಳೂ ಹಳದಿಯಲ್ಲೇ ಉಳಿದಿರುವುದುಂಟು. ಅಲ್ಲಿರುವುದು ನಿಜವಾದ ರೂಢಿ. ಅದನ್ನು ಎಬ್ಬಿಸಲು ಹೊಸ ಲೆಕ್ಕ ಮಾಡಲೇಬೇಕಾದ ಸಂದರ್ಭ ಬರಬೇಕು, ಮತ್ತು ಆ ಲೆಕ್ಕದಲ್ಲಿ ಬೇರೆಯವರ ರೂಢಿಯೂ ಒಂದು ಅಂಕಿಯಾಗಿರುತ್ತದೆ. ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ನೋಡುವುದರಿಂದಲೇ ನಾವು ರೈತನನ್ನು ಒಮ್ಮೆ ಜಿಪುಣ ಎಂದೂ ಒಮ್ಮೆ ಮೊಂಡ ಎಂದೂ ಕರೆಯುವುದು.

ಅದೇ ಊರಿನಲ್ಲಿ ದ್ವಿತಳಿ ಬೆಳೆದು ಪ್ರಶಸ್ತಿ ಪಡೆದ ಪ್ರಗತಿಪರ ರೈತ ಇದ್ದಾನಲ್ಲ, ಅವನಿಗೆ ಆದದ್ದು ಉಳಿದವರಿಗೇಕೆ ಆಗದು ಎಂದೂ ಕೇಳುತ್ತಾರೆ. ಪ್ರಗತಿಪರ ಎಂಬ ಬಿರುದನ್ನು ಮನೋಧರ್ಮದ ಗುರುತೆಂದು ಓದುವುದು ನಮ್ಮ ಅಭ್ಯಾಸ. ಅವನ ಬೋರ್‌ವೆಲ್ಲಿನಲ್ಲಿ ನೀರಿದೆಯೇ, ಮನೆಯಲ್ಲಿ ಸಂಬಳದ ಕೆಲಸದವರಿದ್ದಾರೆಯೇ, ಒಂದು ಬೆಳೆ ಹೋದರೆ ಮುಂದಿನ ಬೆಳೆಯ ತನಕ ತಡೆಯಬಲ್ಲನೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಬಹಳ ಸಲ ಉತ್ತರ ಅಲ್ಲೇ ಸಿಕ್ಕೀತು.

ರೇಷ್ಮೆಯನ್ನು ಬಿಟ್ಟು ಪೇಟೆಬೀದಿಗೆ ಬಂದರೂ ಕಥೆ ಬದಲಾಗುವುದಿಲ್ಲ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಕೆಲವೇ ದಿನಗಳಲ್ಲಿ ಪೆಟ್ಟಿಗೆ ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಒಂದೇ ಸರದಲ್ಲಿ ತೂಗಾಡತೊಡಗಿದವು. ನಿಷೇಧವಾದದ್ದು ಬೆರೆಸಿದ ಪುಡಿ. ಬೆರೆಸುವ ಕೈ, ಅಂಗಡಿ, ಬೆಳಗಿನ ಹೊತ್ತು, ಅಲ್ಲಿ ನಿಲ್ಲುವ ಗೆಳೆಯರು ಎಲ್ಲ ಇದ್ದ ಹಾಗೇ ಉಳಿದರು. ಇದಕ್ಕೆ ಎದುರಾಗಿ ಯುಪಿಐ ನೋಡಿ. ಚಿಲ್ಲರೆ ಎಣಿಸಿಯೇ ಬೆಳೆದ ಹೂವಿನವರು, ಸೊಪ್ಪಿನವರು ಐದಾರು ವರ್ಷಗಳಲ್ಲಿ ಕ್ಯೂಆರ್ ಕೋಡ್ ನೇತುಹಾಕಿದರು. ಡಿಜಿಟಲ್ ಸಾಕ್ಷರತೆಯ ಶಿಬಿರಕ್ಕೆ ಹೋಗಿ ಕಲಿತವರು ಅವರಲ್ಲಿ ಎಷ್ಟು ಮಂದಿಯೋ! ಕೊಳ್ಳುವವನು ಫೋನು ಹಿಡಿದು ನಿಂತಿದ್ದ, ಮಾರುವವನಿಗೆ ಚಿಲ್ಲರೆಯ ತಲೆನೋವು ತಪ್ಪಿತು, ಎರಡೂ ತುದಿ ಒಟ್ಟಿಗೇ ಕದಲಿದವು. ಅಷ್ಟು ಗಟ್ಟಿಯಾಗಿ ಬೇರುಬಿಟ್ಟಿದೆ ಎಂದುಕೊಂಡ ರೂಢಿ 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಅಲುಗಾಡಿತು. ಯುಪಿಐ ವಹಿವಾಟಿನ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದೇ ತಡ, ಕೋಡ್ ಇದ್ದ ಜಾಗದಲ್ಲಿ ‘ನಗದು ಮಾತ್ರ’ ಎಂಬ ರಟ್ಟು ಬಂತು. ಅಂಗಡಿಯವರ ಮನಸ್ಸು ಅದೇ, ಸುತ್ತಲಿನ ಏರ್ಪಾಡು ಬೇರೆಯಾಯಿತು.

ಹೀಗೆ ಎಲ್ಲವನ್ನೂ ಏರ್ಪಾಡಿನ ತಲೆಗೆ ಕಟ್ಟಿದರೆ ಮನುಷ್ಯನ ಹೊಣೆ ಎಲ್ಲಿ ಹೋಯಿತು, ಕುಡಿಯುವವನೂ ಬೀಡಿ ಸೇದುವವನೂ ನಾಳೆ ಇದನ್ನೇ ನೆಪ ಮಾಡಿಕೊಳ್ಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಸಂಕಲ್ಪಬಲದಿಂದ ಬಿಟ್ಟವರು ಇದ್ದಾರೆ, ಅವರನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಅವರು ಬಿಟ್ಟದ್ದು ಹೇಗೆಂದು ವಿಚಾರಿಸಿದರೆ ಸಂಕಲ್ಪ ಎಲ್ಲಿ ಕೆಲಸ ಮಾಡಿತೆಂದು ತಿಳಿಯುತ್ತದೆ: ಜೇಬಿನಲ್ಲಿ ಬೆಂಕಿಪೊಟ್ಟಣ ಇಡದಿರುವುದರಲ್ಲಿ, ಆ ಅಂಗಡಿಯ ದಾರಿ ಬಿಟ್ಟು ಬೇರೆ ದಾರಿ ಹಿಡಿದುದರಲ್ಲಿ, ಹೆಂಡತಿ ಮಕ್ಕಳ ಮುಂದೆ ಘೋಷಿಸಿದ್ದರಲ್ಲಿ. ಚಟ ಎಳೆಯುವ ಗಳಿಗೆಯಲ್ಲಿ ಹೋರಾಡಿ ಗೆದ್ದದ್ದಕ್ಕಿಂತ ಆ ಗಳಿಗೆ ಬಾರದಂತೆ ನೋಡಿಕೊಂಡದ್ದೇ ಹೆಚ್ಚು. ವಯಸ್ಕರ ತಂಬಾಕು ಬಳಕೆ ಕುರಿತ ಜಾಗತಿಕ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆ ಪ್ರಮಾಣ 2009-10ರಲ್ಲಿದ್ದ ಶೇ 34.6ರಿಂದ 2016-17ಕ್ಕೆ ಶೇ 28.6ಕ್ಕೆ ಇಳಿಯಿತು. ಏಳು ವರ್ಷದಲ್ಲಿ ಕೋಟ್ಯಂತರ ಜನರ ಇಚ್ಛಾಶಕ್ತಿ ಒಮ್ಮೆಲೇ ಗಟ್ಟಿಯಾಯಿತೆಂದು ನಂಬುವುದಕ್ಕಿಂತ, 2008ರ ಅಕ್ಟೋಬರ್ 2ರಿಂದ ಬಸ್ಸು, ಕಚೇರಿ, ಹೋಟೆಲಿನೊಳಗೆ ಸೇದುವಂತಿಲ್ಲ ಎಂದಾದದ್ದು, ಬೆಲೆ ಏರಿದ್ದು, ಸೇದುವವನು ಎದ್ದು ಹೊರಗೆ ಹೋಗಬೇಕಾದದ್ದು ಒಂದಿಷ್ಟು ಕೆಲಸ ಮಾಡಿದವು ಎನ್ನುವುದು ಹೆಚ್ಚು ಸರಿ.

ಏರ್ಪಾಡು ಬದಲಿಸಿ ಎನ್ನುವುದು ಜನರನ್ನು ಗೊಂಬೆಯಾಡಿಸುವ ಸರ್ಕಾರಕ್ಕೆ ಪರವಾನಗಿ ಕೊಟ್ಟಂತೆ ಎಂಬ ಭಯವೂ ಇದೆ. ಆದರೆ ಯಾರೂ ಕೈಹಾಕದ ಏರ್ಪಾಡು ಎಂಬುದು ಎಲ್ಲಿದೆ? ಗೂಡಿನ ಮಾರುಕಟ್ಟೆಯೇ 1959ರ ಕಾಯ್ದೆಯ ನೆರಳಿನಲ್ಲಿ ಬೆಳೆದದ್ದು. ನೂಲಿನ ಬೆಲೆ ಕುಸಿಯದಂತೆ ನೋಡಿಕೊಳ್ಳಲು 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಹುಟ್ಟಿತು. ಹರಾಜಿಗೆ ಕಂಪ್ಯೂಟರ್ ಬಂದಿದೆ, ತೂಕಕ್ಕೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ಗೂಡಿನ ಗುಣವನ್ನು ಅಳೆಯುವುದು ಮಾತ್ರ ಬಹುಮಟ್ಟಿಗೆ ಇಂದಿಗೂ ರೀಲರನ ಕಣ್ಣು ಮತ್ತು ಬೆರಳು. ಎಷ್ಟು ಎಳೆ ಬಿಚ್ಚುತ್ತದೆ ಎಂದು ಪರೀಕ್ಷಿಸಿ ಲಾಟಿಗೆ ದರ್ಜೆಯ ಚೀಟಿ ಅಂಟಿಸಿದರೆ ಶ್ರದ್ಧೆಯಿಂದ ಹುಳು ಮನೆ ತೊಳೆದವನ ಶ್ರಮವೂ ಆ ಚೀಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಈಗ ಸರ್ಕಾರ ದ್ವಿತಳಿ ಗೂಡಿಗೆ ಕಿಲೊಗಿಷ್ಟು ಎಂದು ಕೊಡುವ ಪ್ರೋತ್ಸಾಹಧನ ಬೆಳೆ ಗೆದ್ದವನಿಗೆ ಮಾತ್ರ ತಲುಪುತ್ತದೆ. ಬೆಳೆ ಸೋತು ಗೂಡೇ ತಾರದವನಿಗೆ ಅದರಿಂದ ಏನೂ ಇಲ್ಲ, ಅವನೇ ಮುಂದಿನ ಸಲ ಹಳದಿಗೆ ಮರಳುವವನು. ಅದೇ ಹಣದ ಒಂದು ಪಾಲನ್ನು ಮೊದಲ ಎರಡು ದ್ವಿತಳಿ ಬೆಳೆಗಳ ವಿಮೆಗೆ ತಿರುಗಿಸಬಹುದು. ಸೋಂಕು ಕಳೆಯುವ ಕೆಲಸವನ್ನು ಉಪದೇಶವಾಗಿ ಉಳಿಸದೆ ಚಾಕಿ ಕೇಂದ್ರದವರೇ ಹುಳು ಕೊಡುವ ಮುನ್ನ ಬಂದು ಮಾಡಿಕೊಡುವ ಸೇವೆಯಾಗಿಸಿ ಹುಳುವಿನ ಬೆಲೆಯಲ್ಲೇ ಸೇರಿಸಬಹುದು. ರೀಲರನಿಗೆ ಯಂತ್ರದ ಸಬ್ಸಿಡಿಯ ಜೊತೆ ಹದಿನೈದು ದಿನದ ಗೂಡು ಒಣಗಿಸಿ ಇಟ್ಟುಕೊಳ್ಳುವಷ್ಟು ಕೈಸಾಲ ಬೇಕು. ಖಜಾನೆಗೆ ಇದು ಹೊರೆ ಎನ್ನುವವರು ನಲವತ್ತು ವರ್ಷದ ಶಿಬಿರಗಳ ಖರ್ಚನ್ನೂ ಒಮ್ಮೆ ಕೂಡಿ ನೋಡಲಿ. ಶಿಬಿರ ಮಾಡಲೇಬೇಕೆಂದಿದ್ದರೆ ಮುಂದಿನದಕ್ಕೆ ರೈತರ ಪಕ್ಕದಲ್ಲಿ ವಿಜಯಪುರದ ರೀಲರ್‌ಗಳನ್ನೂ ದೊಡ್ಡಬಳ್ಳಾಪುರದ ನೇಕಾರರನ್ನೂ ಕರೆದು ಕೂರಿಸಲಿ. ದರ, ದರ್ಜೆ, ಯಾವ ತಿಂಗಳು ಎಷ್ಟು ಬಿಳಿ ಗೂಡು ಬೇಕು ಎಂಬುದನ್ನು ಅವರವರೇ ಅಲ್ಲಿ ಮಾತಾಡಿಕೊಳ್ಳಲಿ.